ಮಗಳ ಊರಿನ ಬೆಟ್ಟ, ಕೆರೆ



ಈ ಹೊತ್ತಿನಲ್ಲಿ ರೇಡಿಯೊ ಹಾಕಿಕೊಂಡು ಕೂತವರಲ್ಲಿ ನನ್ನ ವಯಸ್ಸಿನವರು ಸಾಕಷ್ಟು ಜನ ಇರುತ್ತೀರಿ. ನಿಮ್ಮಲ್ಲಿ ಹಲವರ ಮಕ್ಕಳು ಅಮೆರಿಕದಲ್ಲಿದ್ದಾರೆ. ಮಗಳ ಬಾಣಂತನಕ್ಕೆಂದೋ, ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದೋ ಚಟ್ನಿಪುಡಿ, ಸಾರಿನಪುಡಿ, ಹಪ್ಪಳ ಕಟ್ಟಿಕೊಂಡು ಆರು ತಿಂಗಳಿಗೆ ಹೋಗಿ ಬಂದಿದ್ದೀರಿ, ಇಲ್ಲವೇ ಹೊರಡುವ ತಯಾರಿಯಲ್ಲಿದ್ದೀರಿ. ಹೋಗಿ ಬಂದವರನ್ನು ಮಾತಾಡಿಸಿದರೆ ಎರಡೇ ಉತ್ತರ. ‘ಏನು ಹಸಿರು, ಏನು ಅಚ್ಚುಕಟ್ಟು ಅಂತೀರಿ!’ ಅನ್ನುವುದು ಒಂದು. ‘ನಾಲ್ಕು ಗೋಡೆ ನೋಡ್ಕೊಂಡು ಕೂತು ಬಂದ್ವಿ ಕಣ್ರೀ’ ಅನ್ನುವುದು ಇನ್ನೊಂದು. ಒಬ್ಬರೇ ಬೆಳಿಗ್ಗೆ ಮೊದಲನೆಯದನ್ನೂ ಸಂಜೆ ಎರಡನೆಯದನ್ನೂ ಹೇಳುವುದುಂಟು. ನಾನು ಇವತ್ತು ಆ ಹಸಿರಿನ ಮಾತನ್ನೇ ಸ್ವಲ್ಪ ಬಿಡಿಸಿ ಹೇಳೋಣ ಅಂದುಕೊಂಡಿದ್ದೇನೆ. ಅದು ತಾನಾಗಿ ಇದ್ದದ್ದೋ, ಜನ ಜಗಳವಾಡಿ ಉಳಿಸಿಕೊಂಡದ್ದೋ ಎಂದು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳಿ ನಿವೃತ್ತಳಾದವಳು ನಾನು. ಮರ ಕಂಡರೆ ಅದರ ಜಾತಕ ಕೇಳದೆ ಬಿಡುವವಳಲ್ಲ.

ನನ್ನ ಮಗಳ ಮನೆ ಇರುವುದು ಇಸಾಕ್ವಾ ಎಂಬ ಊರಿನಲ್ಲಿ. ಅಮೆರಿಕದ ವಾಯವ್ಯ ಮೂಲೆಯಲ್ಲಿ ವಾಷಿಂಗ್ಟನ್ ಎಂಬ ರಾಜ್ಯವಿದೆ. ಅಧ್ಯಕ್ಷರಿರುವ ವಾಷಿಂಗ್ಟನ್ ಅಲ್ಲ, ಅದು ದೇಶದ ಇನ್ನೊಂದು ತುದಿ. ಈ ರಾಜ್ಯದ ದೊಡ್ಡ ನಗರ ಸಿಯಾಟಲ್. ಅಲ್ಲಿಂದ ಪೂರ್ವಕ್ಕೆ ಹೆದ್ದಾರಿ ಹಿಡಿದು ಸುಮಾರು 27 ಕಿಲೋಮೀಟರ್ ಹೋದರೆ ಇಸಾಕ್ವಾ. 2020ರ ಜನಗಣತಿಯಲ್ಲಿ ನಲವತ್ತು ಸಾವಿರ ಜನ. ನಮ್ಮ ಲೆಕ್ಕದಲ್ಲಿ ಒಂದು ತಾಲ್ಲೂಕು ಕೇಂದ್ರ. ಉತ್ತರಕ್ಕೆ ಸಮಾಮಿಶ್ ಸರೋವರ, ಹನ್ನೊಂದು ಕಿಲೋಮೀಟರ್ ಉದ್ದ. ಉಳಿದ ಕಡೆ ಕೂಗರ್, ಸ್ಕ್ವಾಕ್, ಟೈಗರ್ ಎಂಬ ಮೂರು ಬೆಟ್ಟಗಳು. ಅವುಗಳ ಹಿಂದೆ ಕ್ಯಾಸ್ಕೇಡ್ ಪರ್ವತ ಸಾಲು. ಮೋಡ ಸರಿದ ದಿನ ದಕ್ಷಿಣದಲ್ಲಿ 14,410 ಅಡಿ ಎತ್ತರದ ಮೌಂಟ್ ರೇನಿಯರ್, ಮೈತುಂಬ ಹಿಮ ಹೊತ್ತ ಜ್ವಾಲಾಮುಖಿ, ಕಾಣಿಸಿಕೊಳ್ಳುತ್ತದೆ. ಆ ದಿನ ಊರಿನವರೆಲ್ಲ ‘ಇವತ್ತು ಬೆಟ್ಟ ಹೊರಗೆ ಬಂದಿದೆ’ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಅಂಗಡಿಯ ಕ್ಯಾಶ್ ಕೌಂಟರಿನಲ್ಲಿದ್ದ ಹುಡುಗಿಯೂ ನನಗೆ ಅದನ್ನೇ ಹೇಳಿದಳು.

ಸರೋವರದ ಆ ತುದಿಯಲ್ಲಿ ರೆಡ್ಮಂಡ್. ಮೈಕ್ರೋಸಾಫ್ಟ್ ಕಂಪನಿ 1986ರಲ್ಲಿ ಅಲ್ಲಿಗೆ ಬಂತು. ಅದರ ಬೆನ್ನಿಗೆ ನಮ್ಮ ಮಕ್ಕಳೂ ಬಂದರು. ಈಗ ಸುತ್ತಲ ಬೆಲ್‌ವ್ಯೂ, ಸಮಾಮಿಶ್, ಬಾಥೆಲ್ ಎಲ್ಲ ಕಡೆ ಕನ್ನಡದ ಮನೆಗಳಿವೆ. ಅಲ್ಲಿಯ ಕನ್ನಡ ಸಂಘಕ್ಕೆ ಅವರು ಇಟ್ಟುಕೊಂಡ ಹೆಸರು ಸಹ್ಯಾದ್ರಿ. ಆ ಬೆಟ್ಟಗಳನ್ನು ನೋಡಿದ ಯಾರಿಗೂ ಈ ಹೆಸರು ಯಾಕೆ ಎಂದು ವಿವರಿಸಬೇಕಾಗಿಲ್ಲ.

ಸಿಯಾಟಲ್ ಕಡೆ ಹೋಗುತ್ತೀರಿ ಎಂದರೆ ಎಲ್ಲರೂ ಮಳೆಯ ಬಗ್ಗೆ ಹೆದರಿಸುತ್ತಾರೆ. ಮಲೆನಾಡಿನವರು ಹೆದರಬೇಕಾಗಿಲ್ಲ. ಸಿಯಾಟಲ್ಲಿನ ವರ್ಷದ ಮಳೆ ಸುಮಾರು ಸಾವಿರ ಮಿಲಿಮೀಟರ್, ಹೆಚ್ಚುಕಡಿಮೆ ಬೆಂಗಳೂರಿನಷ್ಟು. ಆಗುಂಬೆ ಅದರ ಏಳು ಪಟ್ಟು ಸುರಿಸಿಕೊಳ್ಳುತ್ತದೆ. ಆದರೆ ಅಲ್ಲಿಯ ಮಳೆಗೆ ಹಟ ಹೆಚ್ಚು. ಅಕ್ಟೋಬರಿನಲ್ಲಿ ಹಿಡಿದ ಜಿಟಿಜಿಟಿ ಏಪ್ರಿಲ್ ತನಕ ಬಿಡುವುದಿಲ್ಲ. ಗುಡುಗಿಲ್ಲ, ಸಿಡಿಲಿಲ್ಲ, ಮಾಡಿನ ಮೇಲೆ ಸದ್ದೂ ಇಲ್ಲ. ಜುಲೈ, ಆಗಸ್ಟ್‌ನಲ್ಲಿ, ಅಂದರೆ ನಮ್ಮಲ್ಲಿ ಹೊಳೆ ತುಂಬುವ ಕಾಲದಲ್ಲಿ, ಅಲ್ಲಿ ಹನಿ ಬೀಳುವುದೇ ಅಪರೂಪ. ಹುಲ್ಲೆಲ್ಲ ಒಣಗಿ ಕಂದು ಬಣ್ಣ.

ಅಲ್ಲಿಯ ಕಾಡು ಹಾಗೆ ಇರುವುದಕ್ಕೆ ಕಾರಣವೂ ಇದರಲ್ಲೇ ಇದೆ. ನೀರಿರುವುದು ಚಳಿಗಾಲದಲ್ಲಿ, ಬಿಸಿಲಿರುವುದು ಬೇಸಿಗೆಯಲ್ಲಿ. ಎಲೆ ಉದುರಿಸುವ ಮರಗಳು ನೀರಿದ್ದಾಗ ಬೋಳಾಗಿರುತ್ತವೆ, ಎಲೆ ಬಂದಾಗ ನೀರಿಗೆ ಕಷ್ಟಪಡುತ್ತವೆ. ಸೂಜಿಯೆಲೆಯ ಡಗ್ಲಸ್ ಫರ್, ಹೆಮ್ಲಾಕ್, ಕೆಂಪು ಸೀಡರ್ ಮರಗಳು ವರ್ಷವಿಡೀ ಎಲೆ ಹೊತ್ತೇ ಇರುವುದರಿಂದ ಆ ಸೌಮ್ಯವಾದ ಚಳಿಗಾಲದಲ್ಲೂ ಅಡುಗೆ ನಿಲ್ಲಿಸುವುದಿಲ್ಲ. ಅದಕ್ಕೇ ಅಲ್ಲಿ ಅವುಗಳದೇ ದರಬಾರು. ಕೆಳಗೆ ಸೊಂಟದೆತ್ತರದ ಜರಿಗಿಡಗಳು. ದೊಡ್ಡೆಲೆಯ ಮೇಪಲ್ ಮರಗಳ ಕೊಂಬೆಗಳ ಮೇಲೆ ಗೇಣುದ್ದ ಹಾವಸೆ, ಅದರಲ್ಲಿ ಮತ್ತೆ ಜರಿಗಿಡ.

ಟೈಗರ್ ಬೆಟ್ಟದ ಕಾಲುದಾರಿಯಲ್ಲಿ ಮೊಮ್ಮಗನ ಜೊತೆ ಹೋಗುವಾಗ ಒಂದು ಬೊಡ್ಡೆ ನೋಡಿದೆ. ಅಷ್ಟು ದೊಡ್ಡ ಬೊಡ್ಡೆಯನ್ನು ನಾನು ನಮ್ಮ ಕಾಡಿನಲ್ಲಿ ಕಂಡಿಲ್ಲ. ಸೀಡರಿನದು, ಮೂವರು ಕೈ ಹಿಡಿದರೂ ಸುತ್ತು ಮುಗಿಯದು. ನನ್ನ ತಲೆಯ ಎತ್ತರದಲ್ಲಿ ಅದರ ಮೈಮೇಲೆ ಅಕ್ಕಪಕ್ಕ ಎರಡು ಗೂಡು, ತಲೆಬುರುಡೆಯ ಕಣ್ಣುಗುಳಿಗಳ ಹಾಗೆ. ‘ಅಜ್ಜಿ, ಇದು ಗೂಬೆ ಮನೆಯಾ?’ ಅಂದ ಹುಡುಗ. ಗೂಬೆಯದಲ್ಲ, ಮನುಷ್ಯನ ಕೆಲಸ. ಬುಡದಲ್ಲಿ ಸೀಡರ್ ಮರ ವಿಪರೀತ ದಪ್ಪ. ಅಲ್ಲಿ ಕೊಯ್ಯುವುದು ದಂಡ ಎಂದು ಕೊಡಲಿಯಲ್ಲಿ ಗೂಡು ಹೊಡೆದು, ಅದರಲ್ಲಿ ಹಲಗೆಯ ತುದಿ ಸಿಕ್ಕಿಸಿ, ಹಲಗೆಯ ಮೇಲೆ ನಿಂತು ಇಬ್ಬರು ಆ ಕಡೆ ಈ ಕಡೆಯಿಂದ ಉದ್ದ ಗರಗಸ ಎಳೆಯುತ್ತಿದ್ದರು. ಮರ ಹೋಗಿ ನೂರು ವರ್ಷ ಕಳೆದರೂ ಗೂಡು ಹಾಗೇ ಇದೆ. ಸೀಡರ್ ಬೇಗ ಕೊಳೆಯುವುದಿಲ್ಲ. ಬೊಡ್ಡೆಯ ನೆತ್ತಿಯ ಮೇಲೆ ಒಂದು ಹೆಮ್ಲಾಕ್ ಮೊಳೆತು, ಬೇರುಗಳನ್ನು ಬೊಡ್ಡೆಯ ಮೈಮೇಲಿಂದ ನೆಲಕ್ಕಿಳಿಸಿ, ತಾನೇ ದೊಡ್ಡ ಮರವಾಗಿದೆ.

ಒಮ್ಮೆ ಅಂಥ ಗೂಡು ಗುರುತಿಸಲು ಕಲಿತರೆ ಆ ಬೆಟ್ಟಗಳಲ್ಲಿ ಎಲ್ಲಿ ನೋಡಿದರೂ ಅವೇ. ಅಂದರೆ ಪ್ರವಾಸಿಗಳು ‘ಅನಾದಿ ಕಾಲದ ಕಾಡು’ ಎಂದು ಫೋಟೊ ತೆಗೆಯುವ ಆ ಹಸಿರಿನ ಬಹುಪಾಲು ಎರಡನೇ ಬೆಳೆ. ಮೊದಲಿನ ಕಾಡು ಕಡಿದು ಹೋಗಿ ಆಗಿದೆ. ನೆಲದ ಒಳಗನ್ನೂ ಬಿಟ್ಟಿರಲಿಲ್ಲ. ಕೂಗರ್ ಬೆಟ್ಟದಲ್ಲಿ 1860ರ ದಶಕದಿಂದ ಕಲ್ಲಿದ್ದಲು ತೆಗೆದರು, ಸುಮಾರು ನೂರು ವರ್ಷ. ಅದನ್ನು ಸಾಗಿಸಲು ರೈಲು ಬಂತು. ಊರು 1892ರಲ್ಲಿ ಪಟ್ಟಣವಾದಾಗ ಅದಕ್ಕೆ ಇಟ್ಟದ್ದು ರೈಲು ಹಾಕಿಸಿದ ಡೇನಿಯಲ್ ಗಿಲ್ಮನ್ನನ ಹೆಸರು. 1899ರಲ್ಲಿ ಇಸಾಕ್ವಾ ಎಂದು ಬದಲಾಯಿತು. ಕೂಗರ್ ಬೆಟ್ಟದ ಮೇಲೆ ಶೀತಲ ಸಮರದ ಕಾಲದಲ್ಲಿ ಕ್ಷಿಪಣಿ ನೆಲೆಯೂ ಇತ್ತು. ಈಗ ಅದೇ ಬೆಟ್ಟದಲ್ಲಿ ತಳ್ಳುಗಾಡಿಯಲ್ಲಿ ಮಗು ಮಲಗಿಸಿಕೊಂಡು ಹೆಂಗಸರು ಓಡುತ್ತಿರುತ್ತಾರೆ.

ಇದು ಹೇಗಾಯಿತು? 1970ರ ದಶಕದಲ್ಲಿ ಹಾರ್ವೆ ಮ್ಯಾನಿಂಗ್ ಎಂಬ ಲೇಖಕ, ಬೆಟ್ಟ ಹತ್ತುವವರಿಗೆ ಮಾರ್ಗದರ್ಶಿ ಪುಸ್ತಕ ಬರೆಯುತ್ತಿದ್ದವನು, ಈ ಮೂರು ಗುಡ್ಡಗಳನ್ನು ‘ಇಸಾಕ್ವಾ ಆಲ್ಪ್ಸ್’ ಎಂದು ಕರೆಯತೊಡಗಿದ. ಮೂರು ಸಾವಿರ ಅಡಿ ಮುಟ್ಟಲು ಒದ್ದಾಡುವ ಗುಡ್ಡಗಳು! ಸ್ವಿಟ್ಜರ್‌ಲೆಂಡಿನವರು ಕೇಳಿದರೆ ನಗುತ್ತಾರೆ. ಅವನಿಗೂ ಗೊತ್ತಿತ್ತು. ಮನೆ ಕಟ್ಟುವವರು ‘ಖಾಲಿ ಗುಡ್ಡ’ ಎನ್ನುತ್ತಿದ್ದ ಜಾಗಕ್ಕೆ ಜನ ತಲೆಯೆತ್ತಿ ನೋಡುವ ಹಾಗೆ ಒಂದು ಗತ್ತು ಕೊಟ್ಟ. 1979ರಲ್ಲಿ ಊರಿನವರು ಕಾಲುದಾರಿಗಳ ಸಂಘ ಕಟ್ಟಿಕೊಂಡರು. ಭಾನುವಾರ ಜನರನ್ನು ಕರೆದುಕೊಂಡು ಹೋಗಿ ನಡೆಸುವುದು, ವಾರದ ದಿನಗಳಲ್ಲಿ ಕೌಂಟಿ ಕಚೇರಿಯ, ಅಂದರೆ ಅಲ್ಲಿಯ ಜಿಲ್ಲಾ ಕಚೇರಿಯ, ಸಭೆಗಳಲ್ಲಿ ಕೂತು ವಾದ ಮಾಡುವುದು. 1990ರಲ್ಲಿ ಅದೇ ಜನ ಕ್ಯಾಸ್ಕೇಡ್ ಸಾಲಿನ ಸ್ನೋಕ್ವಾಲ್ಮಿ ಘಾಟಿನಿಂದ ಸಿಯಾಟಲ್ಲಿನ ಸಮುದ್ರ ದಂಡೆಯವರೆಗೆ ಪಾದಯಾತ್ರೆ ಮಾಡಿದರು, ಹೆದ್ದಾರಿಯ ಎರಡೂ ಬದಿಯ ಕಾಡು ಉಳಿಯಬೇಕೆಂದು. ಮರುವರ್ಷ ಅದಕ್ಕೊಂದು ಟ್ರಸ್ಟ್ ಆಯಿತು. 2019ರಲ್ಲಿ ಅಮೆರಿಕದ ಸಂಸತ್ತು ಆ ಇಡೀ ಪಟ್ಟಿಯನ್ನು, ಹದಿನೈದು ಲಕ್ಷ ಎಕರೆಯನ್ನು, ರಾಷ್ಟ್ರೀಯ ಪರಂಪರೆಯ ಪ್ರದೇಶವೆಂದು ಘೋಷಿಸಿತು. ಪಾದಯಾತ್ರೆ ನಮಗೆ ಹೊಸದಲ್ಲ. ಆದರೆ ನಡೆದು ಮುಗಿಸಿದ ಮೇಲೆ ಮೂವತ್ತು ವರ್ಷ ಫೈಲು ಹಿಡಿದು ಕೂರುವ ತಾಳ್ಮೆಗೆ ನಾನು ತಲೆಬಾಗಿದೆ.

ಸ್ಕ್ವಾಕ್ ಬೆಟ್ಟದ ನೆತ್ತಿಯ 590 ಎಕರೆಯನ್ನು ಬುಲಿಟ್ ಎಂಬ ಕುಟುಂಬ 1972ರಲ್ಲಿ ಸರ್ಕಾರಕ್ಕೆ ದಾನ ಕೊಟ್ಟಿತು, ಇದ್ದ ಹಾಗೇ ಬಿಡಬೇಕೆಂಬ ಷರತ್ತಿನ ಮೇಲೆ. ಅವರ ಬೇಸಿಗೆ ಮನೆಯ ಒಲೆಗೂಡು ಮಾತ್ರ ಕಾಡಿನ ನಡುವೆ ನಿಂತಿದೆ. ಇವುಗಳ ಜೊತೆಗೆ 1990ರಲ್ಲಿ ರಾಜ್ಯ ಒಂದು ಕಾನೂನು ತಂದಿತು. ಬೇಗ ಬೆಳೆಯುತ್ತಿರುವ ಕೌಂಟಿಗಳು ಒಂದು ಗೆರೆ ಎಳೆಯಬೇಕು. ಗೆರೆಯೊಳಗೆ ಒತ್ತೊತ್ತಾಗಿ ಮನೆ ಕಟ್ಟಿ, ಹೊರಗೆ ಕಾಡು, ಹೊಲ ಹಾಗೇ ಇರಲಿ ಎಂದು. ಮಗಳ ಬಡಾವಣೆಯ ಕೊನೆಯ ಮನೆಯ ಕಾಂಪೌಂಡು ಮುಗಿದಲ್ಲೇ ಕರಡಿ ಓಡಾಡುವ ಕಾಡು ಯಾಕೆ ಶುರುವಾಗುತ್ತದೆ ಎಂಬುದು ನನಗೆ ಆಗ ಅರ್ಥವಾಯಿತು. ಕರಡಿ ಉತ್ಪ್ರೇಕ್ಷೆಯಲ್ಲ. ಹಿಂದಿನ ರಾತ್ರಿಯೇ ಕಸದ ಡಬ್ಬ ಹೊರಗಿಟ್ಟರೆ ಬೆಳಿಗ್ಗೆ ಯಾರು ಬಂದಿದ್ದರೆಂದು ಗೊತ್ತಾಗುತ್ತದೆ.

ಇನ್ನು ನೀರಿನ ಕಥೆ. ಇದನ್ನು ನಮ್ಮವರು ಗಮನವಿಟ್ಟು ಕೇಳಬೇಕು.

ಸಿಯಾಟಲ್ಲಿಗೂ ಈ ಉಪನಗರಗಳಿಗೂ ನಡುವೆ ಲೇಕ್ ವಾಷಿಂಗ್ಟನ್ ಎಂಬ ದೊಡ್ಡ ಸರೋವರವಿದೆ. ಹಿಮನದಿ ಕೊರೆದ ಕಣಿವೆ, ಇನ್ನೂರು ಅಡಿ ಮೀರಿದ ಆಳ, ತಳದಲ್ಲಿ ಮೆತ್ತನೆ ಹೂಳು. ಕಂಬ ನಿಲ್ಲಿಸುವುದು ಕಷ್ಟವಾಗಿ ಸೇತುವೆಯನ್ನೇ ತೇಲಿಸಿದ್ದಾರೆ. 2016ರಲ್ಲಿ ತೆರೆದ ಅಲ್ಲಿಯ ಸೇತುವೆ 7,710 ಅಡಿ ಉದ್ದ, ತೇಲುವ ಸೇತುವೆಗಳಲ್ಲಿ ಜಗತ್ತಿಗೇ ದೊಡ್ಡದು. ಕಾರಿನಲ್ಲಿ ಹೋಗುವಾಗ ನೀರು ಕಿಟಕಿಯ ಮಟ್ಟಕ್ಕೇ ಇದೆಯೇನೋ ಅನಿಸುತ್ತದೆ. ನೀರು ಎಷ್ಟು ತಿಳಿ ಅಂದರೆ ದಡದಲ್ಲಿ ಮಕ್ಕಳು ಈಜುತ್ತಾರೆ. ಆದರೆ 1950ರ ದಶಕದಲ್ಲಿ ಸುತ್ತಲ ಊರುಗಳ ಚರಂಡಿ ನೀರು ಅರೆಬರೆ ಶುದ್ಧವಾಗಿ ಇದಕ್ಕೇ ಬರುತ್ತಿತ್ತು. ಅದರ ರಂಜಕ ತಿಂದು ಪಾಚಿ ಬೆಳೆಯುತ್ತಿತ್ತು. 1955ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞ ಎಡ್ಮಂಡ್ಸನ್ ತಂಡಕ್ಕೆ ನೀರಿನಲ್ಲಿ ಒಂದು ಬಗೆಯ ಪಾಚಿ ಕಂಡಿತು. ಯುರೋಪಿನಲ್ಲಿ ಅದು ಕಂಡ ಸರೋವರಗಳು ಬೇಗ ಹಾಳಾಗಿದ್ದವು. ಮುಂದೇನಾಗುತ್ತದೆ ಎಂದು ಅವರು ಬರೆದು ಕೊಟ್ಟರು. ಜೇಮ್ಸ್ ಎಲ್ಲಿಸ್ ಎಂಬ ವಕೀಲರು ಊರೂರಿನ ಪುರಸಭೆಗಳನ್ನು ಮೀರಿದ ಒಂದೇ ಸಂಸ್ಥೆ ಬೇಕೆಂದು ಓಡಾಡಿದರು. ನಾನು ಆಗಲೇ ಹೇಳಿದ ಹೆದ್ದಾರಿ ಬದಿಯ ಕಾಡಿನ ಟ್ರಸ್ಟಿಗೂ ಮುಂದೆ ಮೊದಲ ಅಧ್ಯಕ್ಷರಾದವರು ಇವರೇ.

1958ರ ಮಾರ್ಚಿನಲ್ಲಿ ಜನ ಮತ ಹಾಕಿದರು. ಸೋತಿತು. ಸಿಯಾಟಲ್ ಒಪ್ಪಿತು, ಉಪನಗರದವರು ಒಪ್ಪಲಿಲ್ಲ. ತೆರಿಗೆ ಯಾರಿಗೆ ಬೇಕು? ಆ ಬೇಸಿಗೆಯಲ್ಲಿ ಕೆರೆ ನಾರಿತು. ಸೆಪ್ಟೆಂಬರಿನಲ್ಲಿ ಯೋಜನೆಯನ್ನು ಚಿಕ್ಕದು ಮಾಡಿ ಮತ್ತೆ ಮತಕ್ಕಿಟ್ಟರು, ಗೆದ್ದಿತು. 1963ರಿಂದ 68ರವರೆಗೆ ದೊಡ್ಡ ಕೊಳವೆಗಳನ್ನು ಹಾಕಿ ಚರಂಡಿ ನೀರನ್ನೆಲ್ಲ ಕೆರೆಯಿಂದ ತಪ್ಪಿಸಿದರು. 1964ರಲ್ಲಿ ಬಿಳಿ ತಟ್ಟೆಯೊಂದನ್ನು ನೀರಿಗೆ ಇಳಿಬಿಟ್ಟರೆ ಒಂದು ಮೀಟರ್ ಹೋಗುವ ಮೊದಲೇ ಕಣ್ಮರೆ. 1968ರ ಹೊತ್ತಿಗೆ ಮೂರು ಮೀಟರಿನ ಹತ್ತಿರ ಕಾಣುತ್ತಿತ್ತು. ಇಸಾಕ್ವಾದ ಚರಂಡಿಯನ್ನೂ ಸಮಾಮಿಶ್ ಸರೋವರದಿಂದ 1968ರಲ್ಲೇ ತಿರುಗಿಸಿದರು. ಶುದ್ಧ ಮಾಡಿದ ಆ ನೀರು ಕೊನೆಗೆ ಸೇರುವುದು ಸಮುದ್ರದ ಕೊಲ್ಲಿಗೆ, ಅದನ್ನೂ ಹೇಳಬೇಕು. ಯಾರ ಮನೆಯ ಕೊಳೆಯೂ ಮಾಯವಾಗುವುದಿಲ್ಲ.

ನನ್ನ ಅಳಿಯ ಅಮೆರಿಕಕ್ಕೆ ಹೋಗುವ ಮೊದಲು ಬೆಂಗಳೂರಿನಲ್ಲಿ ಬೆಳ್ಳಂದೂರು ಕೆರೆಯ ಹತ್ತಿರ ಇದ್ದವನು. ನೊರೆ ರಸ್ತೆಗೆ ಹಾರಿ ಬರುತ್ತಿದ್ದದ್ದನ್ನೂ, ಕೆರೆಗೆ ಬೆಂಕಿ ಬಿದ್ದದ್ದನ್ನೂ ಕಂಡವನು. ‘ಅಲ್ಲಿಯವರು ಬುದ್ಧಿವಂತರು, ನಮ್ಮವರಿಗೆ ಬುದ್ಧಿ ಬರಲ್ಲ ಅತ್ತೆ’ ಎಂದ. ನಾನು ಒಪ್ಪಲಿಲ್ಲ. ಮಾರ್ಚಿನಲ್ಲಿ ಸೋಲಿಸಿದವರೂ ಸೆಪ್ಟೆಂಬರಿನಲ್ಲಿ ಗೆಲ್ಲಿಸಿದವರೂ ಅವೇ ಊರುಗಳ ಜನ. ನಡುವೆ ಅವರ ಬುದ್ಧಿ ಬೆಳೆಯಲಿಲ್ಲ, ಮೂಗಿಗೆ ವಾಸನೆ ಬಡಿಯಿತು, ಜೊತೆಗೆ ಒಬ್ಬ ವಿಜ್ಞಾನಿಯ ಮಾತನ್ನು ಪತ್ರಿಕೆಗಳು ಜನಕ್ಕೆ ತಿಳಿಯುವ ಭಾಷೆಯಲ್ಲಿ ಬರೆದವು. ಇನ್ನೊಂದು ಮುಖ್ಯ ವಿಷಯ, ಆ ಕೆರೆಗೆ ಒಬ್ಬರೇ ಯಜಮಾನರು ಸಿಕ್ಕರು. ನಮ್ಮ ಕೆರೆಗೆ ಎಷ್ಟು ಇಲಾಖೆ!

ಇಸಾಕ್ವಾ ಊರಿನ ನಡುವೆ ಸಾಲ್ಮನ್ ಮೀನಿನ ಮರಿ ಮಾಡುವ ಕೇಂದ್ರವಿದೆ. ನಾನು ಮೀನು ತಿನ್ನುವವಳಲ್ಲ, ಆದರೂ ಸೆಪ್ಟೆಂಬರ್ ಬಂದ ಮೇಲೆ ಮೊಮ್ಮಗ ಶಾಲೆ ಬಿಟ್ಟೊಡನೆ ಅಲ್ಲಿಗೇ ಎಳೆದುಕೊಂಡು ಹೋಗುತ್ತಿದ್ದ. ಮರ ಕಡಿದು, ಗಣಿ ತೋಡಿ ತೊರೆ ಕೆಟ್ಟು ಮೀನು ಬರುವುದೇ ಹೆಚ್ಚುಕಡಿಮೆ ನಿಂತಾಗ, 1936ರಲ್ಲಿ, ಆರ್ಥಿಕ ಮುಗ್ಗಟ್ಟಿನ ಕಾಲದ ಕೂಲಿ ಯೋಜನೆಯಲ್ಲಿ ಇದನ್ನು ಕಟ್ಟಿದರು. ನಮ್ಮ ಉದ್ಯೋಗ ಖಾತ್ರಿಯಂಥದು. ಬೇರೆ ನದಿಯ ಸಾಲ್ಮನ್ ತಂದು ಬಿಟ್ಟರು. ಇಲ್ಲಿ ಹುಟ್ಟಿದ ಮರಿ ತೊರೆಯಿಂದ ಸಮಾಮಿಶ್ ಸರೋವರಕ್ಕೆ, ಅಲ್ಲಿಂದ ನದಿ ಹಿಡಿದು ಲೇಕ್ ವಾಷಿಂಗ್ಟನ್ನಿಗೆ, ಸಿಯಾಟಲ್ಲಿನ ನಡುವೆ ತೋಡಿದ ಕಾಲುವೆ, ಹಡಗುಗಳ ಗೇಟು ದಾಟಿ ಪೆಸಿಫಿಕ್ ಸಾಗರಕ್ಕೆ ಹೋಗುತ್ತದೆ. ಕೆಲವು ವರ್ಷ ಸಮುದ್ರದಲ್ಲಿದ್ದು, ಅದೇ ದಾರಿಯಲ್ಲಿ ಅದೇ ತೊರೆಗೆ ವಾಪಸು. ಕೊನೆಗೆ ತೊರೆಯನ್ನು ಗುರುತು ಹಿಡಿಯುವುದು ವಾಸನೆಯಿಂದ. ಸಿಹಿ ನೀರಿಗೆ ಬಂದ ಮೇಲೆ ಊಟವಿಲ್ಲ.

ಅಲ್ಲಿ ಮೆಟ್ಟಿಲು ಮೆಟ್ಟಿಲಾದ ನೀರಿನ ಕಟ್ಟೆಗೆ ಪಕ್ಕದಲ್ಲಿ ಗಾಜು ಹಾಕಿದ್ದಾರೆ. ಮೂಗು ಒತ್ತಿ ನಿಂತರೆ ಮೊಳಕ್ಕಿಂತ ಉದ್ದದ ಮೀನು ಗಾಜಿನ ಆಚೆ, ಒಂದು ಗೇಣು ದೂರದಲ್ಲಿ. ರೆಕ್ಕೆ ಹರಿದು ಚಿಂದಿ. ಬೆನ್ನ ಮೇಲೆ ಬಿಳಿ ಬೂಷ್ಟು. ಗಂಡಿನ ದವಡೆ ಕೊಕ್ಕೆಯಾಗಿ ಬಾಗಿ ಬಾಯಿ ಮುಚ್ಚಲಿಕ್ಕೂ ಆಗದು. ಬಾಲದ ಹತ್ತಿರ ಬೆನ್ನ ಮೇಲೆ ಇರಬೇಕಾದ ಪುಟ್ಟ ರೆಕ್ಕೆ ಕೆಲವಕ್ಕೆ ಇಲ್ಲ. ಕೇಂದ್ರದಲ್ಲಿ ಬೆಳೆದ ಮರಿ ಎಂಬ ಗುರುತಿಗೆ ಅದನ್ನು ಕತ್ತರಿಸಿ ಬಿಟ್ಟಿರುತ್ತಾರೆ. ಮೊಮ್ಮಗ ‘ಇದಕ್ಕಿದೆ, ಇದಕ್ಕಿಲ್ಲ’ ಎಂದು ಎಣಿಸುತ್ತಿದ್ದ. ಮೊಟ್ಟೆ ಇಟ್ಟ ಮೇಲೆ ಇವೆಲ್ಲ ಸಾಯುತ್ತವೆ ಎಂದು ಅಲ್ಲಿಯ ಸ್ವಯಂಸೇವಕರು ಆರು ವರ್ಷದ ಮಕ್ಕಳಿಗೆ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಮಕ್ಕಳು ಅಳುವುದಿಲ್ಲ. ಅಜ್ಜಿಯರೇ ಸ್ವಲ್ಪ ಮುಖ ತಿರುಗಿಸುವುದು.

ಹತ್ತಿರದಲ್ಲಿ ಸ್ನೋಕ್ವಾಲ್ಮಿ ಜಲಪಾತ, 268 ಅಡಿ. ಜೋಗ ನೋಡಿದವರಿಗೆ ಎತ್ತರ ಏನೂ ಅನಿಸದು. ಆದರೆ ಅದರ ಪಕ್ಕದ ಬಂಡೆಯೊಳಗೆ ಗುಹೆ ಕೊರೆದು 1899ರಲ್ಲೇ ವಿದ್ಯುತ್ ಯಂತ್ರ ಕೂರಿಸಿದ್ದರು. ಮೂರು ವರ್ಷಕ್ಕೆ, 1902ರಲ್ಲಿ, ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಅಲ್ಲಿಯ ಫಲಕ ಓದುತ್ತಿದ್ದವರಿಗೆಲ್ಲ ಇದನ್ನು ಹೇಳಿಯೇ ಬಂದೆ.

ಮಕ್ಕಳಿಗೆ ಮಾತ್ರ ಇಸಾಕ್ವಾ ಸ್ವರ್ಗ. ಗಲ್ಲಿಗೊಂದು ಆಟದ ಮೈದಾನ, ನಡೆದು ಹೋಗುವಷ್ಟು ದೂರದಲ್ಲಿ ಗ್ರಂಥಾಲಯ, ಸಮಾಮಿಶ್ ಸರೋವರದ ದಡದಲ್ಲಿ ಐನೂರು ಎಕರೆ ಮೀರಿದ ಪಾರ್ಕು. ಗಿಲ್ಮನ್ ಹಾಕಿಸಿದ ರೈಲು ಹಾದಿಯ ಹಳಿ ಕಿತ್ತು, ಸರೋವರದ ಉದ್ದಕ್ಕೂ ಸೈಕಲ್ ದಾರಿ ಮಾಡಿದ್ದಾರೆ. ಟೈಗರ್ ಬೆಟ್ಟದ ಪೂ ಪೂ ಪಾಯಿಂಟಿನಿಂದ, ಹಿಂದೆ ಮರದ ದಿಮ್ಮಿ ಎಳೆಯುವವರ ಸೀಟಿ ಕೂಗುತ್ತಿದ್ದ ಜಾಗದಿಂದ, ಈಗ ಪ್ಯಾರಾಗ್ಲೈಡರ್‌ಗಳು ಹಾರಿ ಕೆಳಗಿನ ಬಯಲಿಗೆ ಇಳಿಯುತ್ತಾರೆ. ಆಗಸ್ಟ್‌ನಲ್ಲಿ ರಸ್ತೆ ಬದಿಯಲ್ಲೆಲ್ಲ ಬ್ಲ್ಯಾಕ್‌ಬೆರಿ ಮುಳ್ಳುಪೊದೆ. 1885ರಲ್ಲಿ ಲೂಥರ್ ಬರ್ಬ್ಯಾಂಕ್ ಎಂಬ ತೋಟಗಾರ ಹಿಮಾಲಯದ್ದೆಂದು ಮಾರಿದ, ನಿಜವಾಗಿ ಆರ್ಮೇನಿಯದ ಕಡೆಯ ಗಿಡ. ನಮ್ಮ ಲಂಟಾನದಂತೆ ಹಬ್ಬಿ ಎಲ್ಲರಿಗೂ ತಲೆನೋವು, ಕಡಿದಷ್ಟೂ ಚಿಗುರುತ್ತದೆ. ಅದರ ಹಣ್ಣಿಗೆ ಬೆಲ್ಲ, ಹಸಿಮೆಣಸು, ಸಾಸಿವೆ ಹಾಕಿ ಗೊಜ್ಜು ಮಾಡಿದೆ, ಚೆನ್ನಾಗಿ ಬಂತು.

ದೊಡ್ಡವರಿಗೆ ಲೆಕ್ಕ ಬೇರೆ. ಕಾಡು ಉಳಿದಷ್ಟೂ ಕಟ್ಟುವ ಜಾಗ ಕಡಿಮೆ, ಮನೆ ಬೆಲೆ ಹತ್ತು ಲಕ್ಷ ಡಾಲರಿನ ಆಚೀಚೆ. ಮೊಮ್ಮಗನ ಟೀಚರು ಆ ಊರಿನಲ್ಲಿ ಇರಲಾರದೆ ದೂರದಿಂದ ಬರುತ್ತಾಳೆ. ಬಸ್ಸು ಅಪರೂಪ. ಕಾರು ಓಡಿಸಲು ಬಾರದ ನಮ್ಮಂಥವರು ಮಕ್ಕಳು ಕೆಲಸದಿಂದ ಬರುವ ತನಕ ಕಿಟಕಿಯ ಬಳಿಯೇ. ಶನಿವಾರ ಬಂತೆಂದರೆ ಕಾಸ್ಟ್‌ಕೊ ಅಂಗಡಿಗೆ ಸವಾರಿ. ಆ ಕಂಪನಿಯ ಮುಖ್ಯ ಕಚೇರಿಯೇ 1996ರಿಂದ ಇಸಾಕ್ವಾದಲ್ಲಿದೆ. ಅಲ್ಲಿ ಅಕ್ಕಿ ಮೂಟೆಯ ಎದುರು ಸಿಕ್ಕಿದಷ್ಟು ಕನ್ನಡದವರು ನನಗೆ ದೇವಸ್ಥಾನದಲ್ಲೂ ಸಿಗಲಿಲ್ಲ.

ಇನ್ನೊಂದು ಮಾತನ್ನು ಬಿಟ್ಟರೆ ತಪ್ಪಾಗುತ್ತದೆ. ಇಸಾಕ್ವಾ ಇರುವ ಕಣಿವೆಯಲ್ಲಿ ಹಿಂದೆ ಹಾಪ್ಸ್ ಬೆಳೆಯುತ್ತಿದ್ದರು, ಬಿಯರಿಗೆ ಕಹಿ ಕೊಡುವ ಬಳ್ಳಿ. 1885ರ ಸೆಪ್ಟೆಂಬರಿನಲ್ಲಿ ಕೊಯ್ಲಿಗೆ ಬಂದ ಚೀನೀ ಕೂಲಿಗಳ ಡೇರೆಗಳ ಮೇಲೆ ರಾತ್ರಿ ಗುಂಪೊಂದು ಗುಂಡು ಹಾರಿಸಿತು. ಮೂವರು ಸತ್ತರು. ಆರೋಪಿಗಳು ಖುಲಾಸೆಯಾದರು. ಇದೇ ರಾಜ್ಯದ ಬೆಲಿಂಗ್‌ಹ್ಯಾಮ್‌ನಲ್ಲಿ 1907ರಲ್ಲಿ ಮರದ ಮಿಲ್ಲಿನ ಪಂಜಾಬಿ ಕೆಲಸಗಾರರನ್ನು ಹೊಡೆದು ಓಡಿಸಿದರು. ಈಗ ಅದೇ ನೆಲದ ಶಾಲೆಗಳಲ್ಲಿ ಚೀನಾದ ಮಕ್ಕಳು, ನಮ್ಮ ಮಕ್ಕಳು ತುಂಬಿದ್ದಾರೆ. ಕಾಡಿನ ಬೊಡ್ಡೆಯಲ್ಲಿ ಗೂಡು ಎದ್ದು ಕಾಣುತ್ತದೆ, ಈ ಗಾಯ ಹುಡುಕಿದವರಿಗೆ ಮಾತ್ರ ಕಾಣುತ್ತದೆ. ನಾನು ಮಗಳಿಗೆ ಹೇಳಿದೆ. ಅವಳಿಗೆ ಗೊತ್ತಿರಲಿಲ್ಲ.

ಹೋಗುವವರಿಗೆ ನಾಲ್ಕು ಮಾತು. ಟಿಕೆಟ್ಟನ್ನು ಆಗಸ್ಟ್‌ಗೆ ಮಾಡಿಸಿ. ಬೆಚ್ಚನೆ ಬಿಸಿಲು, ಬೆರಿ ಹಣ್ಣು, ಸೆಪ್ಟೆಂಬರಿನಲ್ಲಿ ಸಾಲ್ಮನ್, ಅಕ್ಟೋಬರಿನಲ್ಲಿ ಮೇಪಲ್ ಎಲೆ ಹಳದಿ. ಸಾಲ್ಮನ್ ಜಾತ್ರೆ ಅಕ್ಟೋಬರಿನ ಮೊದಲ ಶನಿವಾರ ಭಾನುವಾರ, 1970ರಿಂದ ನಡೆಯುತ್ತಿದೆ, ವಿಪರೀತ ಜನ. ಮೀನು ನೋಡಬೇಕೆಂದಿದ್ದರೆ ವಾರದ ಮಧ್ಯೆ ಹೋಗಿ. ಡಿಸೆಂಬರಿಗೆ ಮೊದಲು ವಾಪಸು ಬಂದುಬಿಡಿ. ಸಂಜೆ ನಾಲ್ಕೂಕಾಲು ದಾಟಿತೆಂದರೆ ಸೂರ್ಯ ಮುಳುಗುತ್ತಾನೆ, ದೀಪ ಹಚ್ಚಿ ಊಟದ ತನಕ ಏನು ಮಾಡುವುದೆಂದು ತಿಳಿಯುವುದಿಲ್ಲ. ಕಾಲಿಗೆ ಜಾರದ ಬೂಟು ತೆಗೆದುಕೊಂಡು ಹೋಗಿ. ಛತ್ರಿ ಬೇಡ, ಅಲ್ಲಿಯವರು ಹಿಡಿಯುವುದಿಲ್ಲ, ತಲೆಮುಸುಕಿನ ಜಾಕೆಟ್ಟು ಸಾಕು. ಹಪ್ಪಳ ಮಾತ್ರ ಸೆಪ್ಟೆಂಬರಿನೊಳಗೆ ಒಣಗಿಸಿ ಮುಗಿಸಿ.